ಒಂದು ರೆಸಿಡೆನ್ಸಿಗೆ ಮೂರು ಆಸ್ಪತ್ರೆ ಯಾಕೆ?

ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತಜ್ಞವೈದ್ಯರ ತರಬೇತಿ, ಮಾಡಬೇಕು ಅಂತಿರುವ ನಮ್ಮ ಕಡೆಯ ಎಂಬಿಬಿಎಸ್ ಹುಡುಗ ಹುಡುಗಿಯರು ನನ್ನನ್ನು ತಪ್ಪದೆ ಕೇಳುವುದು ಇದನ್ನೇ: "ಮೇಡಂ, ಮೆಡ್-ಪೀಡ್ಸ್ ಪ್ರೋಗ್ರಾಂ ನೋಡಿದ್ರೆ ಮೂರು ನಾಲ್ಕು ಆಸ್ಪತ್ರೆ ಹೆಸರು ಇರುತ್ತೆ. ನಾವು ಸೇರೋದು ಯಾವುದಕ್ಕೆ? ಒಂದರಲ್ಲೇ ಕಲಿಯೋಕಾಗಲ್ವಾ?"

ಎಲ್ಲದಕ್ಕೂ ಸೇರುತ್ತೀರಿ. ಒಂದರಲ್ಲೇ ಕಲಿಯೋಕಾಗಲ್ಲ.

ಮೆಡ್-ಪೀಡ್ಸ್ ಅಂದರೆ ಇಂಟರ್ನಲ್ ಮೆಡಿಸಿನ್ (ದೊಡ್ಡವರ ಕಾಯಿಲೆ) ಮತ್ತು ಪೀಡಿಯಾಟ್ರಿಕ್ಸ್ (ಮಕ್ಕಳ ಕಾಯಿಲೆ) ಎರಡನ್ನೂ ಸೇರಿಸಿದ 4 ವರ್ಷದ ತರಬೇತಿ. ಬೇರೆ ಬೇರೆ ಮಾಡಿದರೆ 6 ವರ್ಷ ಬೇಕು. 1967ರಿಂದ ಇದೆ. ಕೆಲವು ತಿಂಗಳು ದೊಡ್ಡವರ ಕಡೆ, ಕೆಲವು ತಿಂಗಳು ಮಕ್ಕಳ ಕಡೆ, ಹೀಗೆ ಓಡಾಡುತ್ತಲೇ ಇರಬೇಕು. ಆದರೆ ಅಲ್ಲಿನ ದೊಡ್ಡ ಊರುಗಳಲ್ಲಿ ಮಕ್ಕಳ ಆಸ್ಪತ್ರೆ ಬಹಳ ಸಲ ಬೇರೆಯದೇ ಸಂಸ್ಥೆ. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ (ಬಿಎಂಸಿ) ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡವರು ವಿಕ್ಟೋರಿಯಾಗೆ, ಮಕ್ಕಳು ಪಕ್ಕದ ವಾಣಿ ವಿಲಾಸಕ್ಕೆ, ಅಲ್ವಾ?

ಸಿನ್ಸಿನಾಟಿಯನ್ನೇ ನೋಡಿ. ದೊಡ್ಡವರಿಗೆ ಯೂನಿವರ್ಸಿಟಿ ಆಫ್ ಸಿನ್ಸಿನಾಟಿ ಮೆಡಿಕಲ್ ಸೆಂಟರ್, ಮಕ್ಕಳಿಗೆ ಸಿನ್ಸಿನಾಟಿ ಚಿಲ್ಡ್ರನ್ಸ್. ಹತ್ತಿರದಲ್ಲೇ ಮಾಜಿ ಸೈನಿಕರ ವಿಎ ಆಸ್ಪತ್ರೆ. ನಡೆದೇ ಹೋಗಬಹುದು. (ಪಲ್ಸ್ ಪೋಲಿಯೊ ಭಾನುವಾರ ನಮ್ಮ ಮಕ್ಕಳ ಬಾಯಿಗೆ ಬೀಳುತ್ತಿದ್ದ ಆ ಎರಡು ಹನಿ ಇದೆಯಲ್ಲ, ಆ ಲಸಿಕೆಯನ್ನು ಆಲ್ಬರ್ಟ್ ಸೇಬಿನ್ ಸಿದ್ಧಪಡಿಸಿದ್ದು ಈ ಮಕ್ಕಳ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲೇ. ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.) ಬಾಸ್ಟನ್ನಿನಲ್ಲೂ ದೊಡ್ಡವರ ಬ್ರಿಗಮ್ ಮತ್ತು ಮಕ್ಕಳ ಬಾಸ್ಟನ್ ಚಿಲ್ಡ್ರನ್ಸ್ ಅಕ್ಕಪಕ್ಕವೇ.

ಕಟ್ಟಡ ಬದಲಾದರೆ ಬರೀ ದಾರಿ ಬದಲಾಗುವುದಿಲ್ಲ. ವಿಎಯಲ್ಲಿ ಹೆಚ್ಚಾಗಿ ವಯಸ್ಸಾದ ಗಂಡಸರು. ಶುಗರ್, ಬಿಪಿ, ಕಿಡ್ನಿ, ಜೊತೆಗೆ ಹತ್ತು ಹನ್ನೆರಡು ಮಾತ್ರೆ. ಅಲ್ಲಿ ನಾಡಿ 140 ಬಡಿದರೆ ಓಡಬೇಕು. ಮಕ್ಕಳ ಆಸ್ಪತ್ರೆಯಲ್ಲಿ ಆಗ ತಾನೇ ಹುಟ್ಟಿದ ಕೂಸಿಗೆ 140 ಸಹಜ. ಇಲ್ಲಿ ಔಷಧದ ಪ್ರಮಾಣವನ್ನೂ ತೂಕ ನೋಡಿ ಲೆಕ್ಕ ಹಾಕಬೇಕು. ಪಾಳಿ ಬದಲಾದ ಮೊದಲ ವಾರ ನಾನು ಪ್ರತಿ ಡೋಸನ್ನೂ ಎರಡೆರಡು ಸಲ ಗುಣಿಸಿ ನೋಡುತ್ತಿದ್ದೆ.

"ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಲ್ವಾ?" ಅಂತಲೂ ಕೇಳುತ್ತಾರೆ. ದೋಣಿ ಬದಲಿಸಲೇಬೇಕಾದವರು ರೋಗಿಗಳು, ಬೆಳೆದ ಮೇಲೆ ಮಕ್ಕಳ ಆಸ್ಪತ್ರೆ ಬಿಟ್ಟು ದೊಡ್ಡವರ ಆಸ್ಪತ್ರೆಗೆ ಹೋಗಲೇಬೇಕು. ರಕ್ತ ಪಂಪ್ ಮಾಡುವ ಎರಡು ಕೋಣೆಗಳಲ್ಲಿ ಒಂದೇ ಕೆಲಸ ಮಾಡುವ ಹೃದಯದೊಂದಿಗೆ ಹುಟ್ಟಿದ ಮಕ್ಕಳಿಗೆ ಫಾಂಟನ್ ಅನ್ನುವ ಸರ್ಜರಿ ಮಾಡುತ್ತಾರೆ. ಹಿಂದೆ ಇಂಥ ಮಕ್ಕಳು ಹೆಚ್ಚಾಗಿ ಉಳಿಯುತ್ತಲೇ ಇರಲಿಲ್ಲ. ಈಗ ಬೆಳೆದು ಕಾಲೇಜಿಗೆ, ಕೆಲಸಕ್ಕೆ ಹೋಗುತ್ತಾರೆ. ಇಂಥವರಲ್ಲಿ ಒಬ್ಬರು ಜ್ವರ ಅಂತ ದೊಡ್ಡವರ ಎಮರ್ಜೆನ್ಸಿಗೆ ಬರುತ್ತಾರೆ ಅಂದುಕೊಳ್ಳಿ. ಬೆರಳಿಗೆ ಹಾಕಿದ ಕ್ಲಿಪ್ ಆಮ್ಲಜನಕ 91 ತೋರಿಸುತ್ತದೆ. ಇದು ಕಡಿಮೆ ಅಂತ ಅಲ್ಲಿರುವವರು ಗಾಬರಿಯಾಗುತ್ತಾರೆ. ಆದರೆ ಫಾಂಟನ್ ಆದವರಲ್ಲಿ ಕೆಲವರಿಗೆ ಅಷ್ಟೇ ಮಾಮೂಲಿ. ಮಕ್ಕಳ ಹೃದಯದ ವಾರ್ಡಿನಲ್ಲಿ ಕೆಲಸ ಮಾಡಿದವರಾದರೆ ಮೊದಲು ಕೇಳುವುದೇ ಬೇರೆ: "ಮಾಮೂಲಿ ದಿನ ಎಷ್ಟಿರುತ್ತೆ?"

ಆಚೆ ಕಟ್ಟಡದಲ್ಲಿ, ಅಂದರೆ ಮಕ್ಕಳ ಆಸ್ಪತ್ರೆಯಲ್ಲಿ, ಈ ಕಥೆಯ ಮೊದಲ ಭಾಗ ನೋಡಿರುತ್ತೇವೆ. ಹದಿನೆಂಟರ ಹುಡುಗನಿಗೆ "ಯಾವ ಮಾತ್ರೆ ತಗೋತೀಯ?" ಅಂದರೆ ಅವನು ತಿರುಗಿ ಅಮ್ಮನ ಮುಖ ನೋಡುತ್ತಾನೆ. ಅಮ್ಮನಿಗೆ ಎಲ್ಲ ಬಾಯಿಪಾಠ. ಇನ್ನು ಕೆಲವೇ ತಿಂಗಳಲ್ಲಿ ಅವನು ಒಬ್ಬನೇ ಕೂತು ಉತ್ತರ ಹೇಳಬೇಕು. ಅದಕ್ಕೇ ನಾನು ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡು, ಸುಮ್ನೆ ಕಾಯುತ್ತಿದ್ದೆ. ಒಂದೊಂದೇ ಹೆಸರು ತಡವರಿಸುತ್ತಾ ಬರುತ್ತಿತ್ತು.

ಹಾಗಾಗಿ ಇಂಟರ್‌ವ್ಯೂನಲ್ಲಿ ಆಸ್ಪತ್ರೆಗಳ ಹೆಸರು ಎಷ್ಟು ದೊಡ್ಡದು ಅಂತ ನೋಡಬೇಡಿ. ಎರಡೂ ಕಡೆ ಕಂಪ್ಯೂಟರ್ ದಾಖಲೆ ಒಂದೇನಾ, ರಾತ್ರಿ ಪಾಳಿ ಮುಗಿಸಿ ಇನ್ನೊಂದು ಕಡೆ ಹೋಗೋಕೆ ಎಷ್ಟು ಹೊತ್ತು, ಇವನ್ನು ಕೇಳಿ. ಆಮೇಲೆ ಇದನ್ನು ಮರೆಯದೆ ಕೇಳಿ: ನಿಮ್ಮ ಮಕ್ಕಳ ಆಸ್ಪತ್ರೆಯ ರೋಗಿ ದೊಡ್ಡವನಾದ ಮೇಲೆ ಯಾರ ಹತ್ತಿರ ಹೋಗುತ್ತಾನೆ, ಆ ಕ್ಲಿನಿಕ್‌ನಲ್ಲಿ ರೆಸಿಡೆಂಟ್ ಕೂರುತ್ತಾರಾ?