ಧರ್ಮಶಾಲಾ ಚಿತ್ರೋತ್ಸವಕ್ಕೆ ಹೊರಟವರು ದಿನಕ್ಕೆ ಮೂರೇ ಸಿನಿಮಾ ನೋಡಿ

ಹಿಮಾಚಲ ಪ್ರದೇಶದ ಧರ್ಮಶಾಲಾ ಅಂತರರಾಷ್ಟ್ರೀಯ ಚಿತ್ರೋತ್ಸವವನ್ನು 2012ರಲ್ಲಿ ಶುರುಮಾಡಿದವರು ರಿತು ಸರೀನ್ ಮತ್ತು ತೆನ್ಜಿಂಗ್ ಸೋನಮ್ ಎಂಬ ನಿರ್ದೇಶಕ ದಂಪತಿ. ಸ್ವತಂತ್ರ ಸಿನಿಮಾಗಳಿಗೇ ಮೀಸಲಾದ ಉತ್ಸವ ಇದು, ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುತ್ತದೆ. ಸ್ಪರ್ಧೆಯ ಗದ್ದಲವಿಲ್ಲದೆ ಬೆಳೆದದ್ದರಿಂದ ಇಲ್ಲಿ ಗೆಲ್ಲುವ ಸಿನಿಮಾ ಯಾವುದು ಎಂಬ ಚರ್ಚೆಗಿಂತ ನೋಡಿದ ಸಿನಿಮಾದ ಚರ್ಚೆಯೇ ಹೆಚ್ಚು.

ವೇಳಾಪಟ್ಟಿ ಕೈಗೆ ಸಿಕ್ಕ ಕೂಡಲೇ ದಿನಕ್ಕೆ ಐದೈದು ಸಿನಿಮಾ ಗುರುತು ಹಾಕಬೇಡಿ. ಮೂರು ಸಾಕು. ಸಿನಿಮಾ ಮುಗಿದ ಮೇಲಿನ ಸಂವಾದ ಸುಲಭವಾಗಿ ಅರ್ಧ ಗಂಟೆ ಎಳೆಯುತ್ತದೆ. ಮುಂದಿನ ಪ್ರದರ್ಶನದ ಸಾಲಿಗೆ ಓಡುವವರು ಅದನ್ನೇ ಕಳೆದುಕೊಳ್ಳುತ್ತಾರೆ, ಸ್ವತಂತ್ರ ಸಿನಿಮಾ ಉತ್ಸವದಲ್ಲಿ ಬೇರೆಲ್ಲೂ ಸಿಗದ ಭಾಗ ಅದೇ. ದುಡ್ಡು ಎಲ್ಲಿಂದ ಬಂತು, ಧ್ವನಿ ಹೇಗೆ ಹಿಡಿದರು, ಸಂಕಲನಕ್ಕೆ ಎಷ್ಟು ತಿಂಗಳು ಬೇಕಾಯಿತು ಅಂತ ನೇರವಾಗಿ ಕೇಳಿ. ಇಂಥ ಪ್ರಶ್ನೆಗೆ ನಿರ್ದೇಶಕರು ಮನಬಿಚ್ಚಿ ಮಾತಾಡುತ್ತಾರೆ. ಪ್ರಶ್ನೆಯ ಹೆಸರಲ್ಲಿ ಭಾಷಣ ಶುರುಮಾಡಿದರೆ ಇಡೀ ಸಭೆಯ ಸಮಯ ಹಾಳು.

ಆರಿಸುವುದಕ್ಕೆ ಒಂದು ಒಳ್ಳೆಯ ಅಳತೆಗೋಲಿದೆ. ಹೆಸರಾಂತ ನಟರಿರುವ ಸಿನಿಮಾ ಕೆಲವೇ ತಿಂಗಳಲ್ಲಿ ಒಟಿಟಿಗೆ ಬಂದೀತು. ವಿತರಕರು ಸಿಗದ ಸಿನಿಮಾ, ಸಾಕ್ಷ್ಯಚಿತ್ರ, ಕಿರುಚಿತ್ರಗಳ ಗುಚ್ಛ, ಇವು ಮತ್ತೆ ಕಣ್ಣಿಗೆ ಬೀಳುವ ಖಾತ್ರಿಯಿಲ್ಲ. ಮೊದಲ ಆದ್ಯತೆ ಅವಕ್ಕಿರಲಿ.

ಪ್ರದರ್ಶನಗಳು ನಡೆದಿರುವ ಜಾಗಗಳು ಮಲ್ಟಿಪ್ಲೆಕ್ಸ್ ಅಲ್ಲ. ಮೇಲಿನ ಧರ್ಮಶಾಲಾದ ಟಿಬೆಟನ್ ಮಕ್ಕಳ ಗ್ರಾಮದ ಶಾಲೆ, ಅದಕ್ಕೂ ಮುಂಚೆ ಟಿಬೆಟನ್ ಪ್ರದರ್ಶನ ಕಲೆಗಳ ಸಂಸ್ಥೆ. ಗಾಳಿ ತುಂಬಿ ನಿಲ್ಲಿಸುವ ಸಂಚಾರಿ ಚಿತ್ರಮಂದಿರವನ್ನೂ ಬಳಸಿದ್ದಾರೆ. ಸಮತಟ್ಟು ನೆಲದ ಸಭಾಂಗಣವಾದರೆ ಮುಂದಿನವರ ತಲೆ ನೇರ ಉಪಶೀರ್ಷಿಕೆಗೇ ಅಡ್ಡ ಬರುತ್ತದೆ. ಹಾಗಾಗಿ ನಡುವಿನ ಓಣಿ ಪಕ್ಕದ ಕುರ್ಚಿ ಹಿಡಿಯಿರಿ, ಇಪ್ಪತ್ತು ನಿಮಿಷ ಮೊದಲೇ ಹೋಗಿ. ಎರಡು ಗಂಟೆ ಅಲುಗಾಡದೆ ಕೂತಾಗ ಚಳಿ ಮೊದಲು ಹಿಡಿಯುವುದು ಪಾದಗಳನ್ನು. ದಪ್ಪ ಉಣ್ಣೆಯ ಕಾಲುಚೀಲ ಎರಡು ಜೊತೆ ಇರಲಿ, ಜಾಕೆಟ್ಟಿಗಿಂತ ಅದೇ ಮುಖ್ಯ.

ಮೇಲಿನ ಧರ್ಮಶಾಲಾದ ಪೇಟೆಯಾದ ಮೆಕ್ಲಿಯೋಡ್‌ಗಂಜ್ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಐದೂವರೆಯ ಹೊತ್ತಿಗೆಲ್ಲ ಹೊತ್ತು ಮುಳುಗಿ, ಮಧ್ಯಾಹ್ನದ ಎಳೆಬಿಸಿಲು ಇತ್ತೆಂಬುದೇ ಮರೆತುಹೋಗುತ್ತದೆ. ಕೊನೆಯ ಪ್ರದರ್ಶನ ಮುಗಿದಾಗ ಎಲ್ಲರೂ ಒಟ್ಟಿಗೆ ಟ್ಯಾಕ್ಸಿ ಹುಡುಕುತ್ತಾರೆ, ಕಿರಿದಾದ ರಸ್ತೆಯಲ್ಲಿ ಗಾಡಿಗಳು ಸಿಕ್ಕಿಕೊಳ್ಳುತ್ತವೆ. ಶಾಲೆಯಿಂದ ಪೇಟೆಯ ಚೌಕಕ್ಕೆ ಎರಡು ಮೂರು ಕಿಲೋಮೀಟರ್ ಇಳಿಜಾರು. ಟಾರ್ಚ್ ಇಟ್ಟುಕೊಂಡು ಗುಂಪಾಗಿ ನಡೆದು ಇಳಿಯುವುದೇ ಸಲೀಸು, ನೋಡಿದ ಸಿನಿಮಾದ ಬಗ್ಗೆ ಮಾತಾಡಲಿಕ್ಕೂ ಅದೇ ಒಳ್ಳೆಯ ಹೊತ್ತು. ತಂಗುವ ಕೋಣೆ ಕೆಳಗಿನ ಧರ್ಮಶಾಲಾದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ, ರಾತ್ರಿ ಐದಾರುನೂರು ಮೀಟರ್ ಕೆಳಕ್ಕೆ ಇಳಿದು ಬೆಳಿಗ್ಗೆ ಮತ್ತೆ ಹತ್ತಬೇಕಾಗುತ್ತದೆ.

ದೆಹಲಿಯಿಂದ ರಾತ್ರಿ ಬಸ್ಸಿದೆ, ಪಠಾಣ್‌ಕೋಟ್‌ವರೆಗೆ ರೈಲಿದೆ. ಗಗ್ಗಲ್ ವಿಮಾನ ನಿಲ್ದಾಣ ಹತ್ತಿರವೇ, ಆದರೆ ಮೋಡ ಕವಿದರೆ ವಿಮಾನ ರದ್ದಾಗಬಹುದು. ಹಾಗಾಗಿ ದೆಹಲಿಯಿಂದ ಮುಂದಿನ ಪ್ರಯಾಣಕ್ಕೆ ಅದೇ ದಿನದ ಟಿಕೆಟ್ ಮಾಡಿಸಬೇಡಿ.

ಬೆಳಗಿನ ಹೊತ್ತನ್ನು ಊರಿಗೆ ಕೊಡಿ. ದಲೈ ಲಾಮಾ ಅವರ ನಿವಾಸವಿರುವ ಗುಡ್ಡವನ್ನು ಬಳಸುವ ಪ್ರದಕ್ಷಿಣೆಯ ಹಾದಿಗೆ ಕೋರಾ ಅನ್ನುತ್ತಾರೆ. ಆರು, ಆರೂವರೆಗೆ ಅಲ್ಲಿದ್ದರೆ ಒಂದು ಕೈಯಲ್ಲಿ ತಿರುಗಿಸುವ ಪ್ರಾರ್ಥನಾ ಚಕ್ರ, ಇನ್ನೊಂದರಲ್ಲಿ 108 ಮಣಿಗಳ ಜಪಸರ ಹಿಡಿದ ಅಜ್ಜಿಯರು ನಿಮ್ಮನ್ನು ದಾಟಿ ಹೋಗುತ್ತಾರೆ. ದೇವಸ್ಥಾನದಲ್ಲಿ ನಾವು ಸುತ್ತುವಂತೆಯೇ ಇಲ್ಲೂ ಬಲಕ್ಕೆ ಸುತ್ತಬೇಕು, ಎದುರು ದಿಕ್ಕಿನಲ್ಲಿ ನಡೆದರೆ ಅಪಚಾರ. ದಾರಿಯ ಬದಿ ಮಂತ್ರ ಕೊರೆದ ಕಲ್ಲುಗಳ ರಾಶಿ ಇರುತ್ತದೆ, ಒಂದನ್ನೂ ನೆನಪಿಗೆಂದು ಎತ್ತಿಕೊಳ್ಳಬೇಡಿ. ಮೇಲೆ ತೂಗುವ ಪ್ರಾರ್ಥನಾ ಬಾವುಟಗಳು ಯಾವಾಗಲೂ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಎಂಬ ಕ್ರಮದಲ್ಲೇ ಇರುತ್ತವೆ, ಅವು ಕ್ರಮವಾಗಿ ಸೂಚಿಸುವುದು ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಯಾರದಾದರೂ ಫೋಟೋ ಬೇಕಿದ್ದರೆ ಮೊದಲು ಕೇಳಿ, ಇದು ಅವರ ದಿನದ ಪೂಜೆ.

ಬೈಲುಕುಪ್ಪೆಯಲ್ಲಿ ಮೊಮೊ ತಿಂದವರಿಗೆ ಇಲ್ಲಿನ ಊಟ ಪೂರ್ತಿ ಹೊಸದಲ್ಲ. ತಿಂಗ್ಮೊ ಕೇಳಿ: ಹಬೆಯಲ್ಲಿ ಬೆಂದ, ಸುರುಳಿ ಸುರುಳಿಯಾಗಿ ಬಿಡಿಸಿಕೊಳ್ಳುವ ಮೆತ್ತನೆಯ ರೊಟ್ಟಿ. ಬಿಸಿ ಇರುವಾಗಲೇ ಪದರ ಬಿಡಿಸಿ ಪಲ್ಯದ ರಸದಲ್ಲಿ ಅದ್ದಿ ತಿನ್ನಬೇಕು, ಆರಿದರೆ ಗಟ್ಟಿಯಾಗುತ್ತದೆ. ಬೆಣ್ಣೆ ಚಹಾದಲ್ಲಿ ಸಕ್ಕರೆಯಿಲ್ಲ, ಉಪ್ಪಿದೆ. ಚಹಾ ಅಂದುಕೊಂಡು ಬಾಯಿಗಿಟ್ಟರೆ ಒಗ್ಗುವುದಿಲ್ಲ, ಸಾರು ಅಂದುಕೊಂಡರೆ ಆ ಚಳಿಗೆ ಬಹಳ ಹಿತ. ಯಾರಾದರೂ ಮನೆಗೆ ಕರೆದು ಕೊಟ್ಟರೆ ಒಂದು ಗುಟುಕು ಕುಡಿದ ಕೂಡಲೇ ಬಟ್ಟಲು ಮತ್ತೆ ತುಂಬಿಸುತ್ತಾರೆ. ಸಾಕೆನಿಸಿದರೆ ತುಂಬಿದ ಬಟ್ಟಲನ್ನು ಹಾಗೇ ಇಟ್ಟು, ಹೊರಡುವ ಹೊತ್ತಿಗೆ ಕುಡಿದು ಏಳಿ.