ಎಲ್ಲರೂ ಹೇಳಿಕೊಂಡರು, ಸಿಂಗರ್‌ನನ್ನು ಯಾರೂ ಕೇಳಲಿಲ್ಲ

ಉಡುಪಿ, 21 ಜುಲೈ 2024, ಭಾನುವಾರ

ಕಾರ್ಸನ್ ಮೆಕಲರ್ಸ್ ಬರೆದ ‘ದ ಹಾರ್ಟ್ ಈಸ್ ಎ ಲೋನ್ಲಿ ಹಂಟರ್’ ಇವತ್ತು ಮಧ್ಯಾಹ್ನ ಓದಿ ಮುಗಿಯಿತು. 1940ರಲ್ಲಿ ಬಂದ ಕಾದಂಬರಿ. ಆಗ ಅವರಿಗೆ ಬರೀ 23 ವರ್ಷ. ಹೊರಗೆ ತುಳುವರ ಆಟಿ ತಿಂಗಳ ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಕಡೆಯ ಪುಟಗಳನ್ನು ಜಗಲಿಯ ಬೆಳಕಲ್ಲಿ ಓದಿದೆ. ಓದಿದ ಮೇಲೆ ಯಾರ ಹತ್ತಿರವಾದರೂ ಇದನ್ನು ಹೇಳಲೇಬೇಕು ಅನಿಸಿತು.

ಕಥೆ ನಡೆಯುವುದು ಅಮೆರಿಕದ ದಕ್ಷಿಣ ಭಾಗದ ಒಂದು ಗಿರಣಿ ಊರಿನಲ್ಲಿ. ಮೆಕಲರ್ಸ್ ಹುಟ್ಟಿದ್ದೂ ಅಂಥದೇ ಊರಲ್ಲಿ, ಜಾರ್ಜಿಯಾದ ಕೊಲಂಬಸ್, 1917. ಜಾನ್ ಸಿಂಗರ್ ಅಂತ ಒಬ್ಬನಿದ್ದಾನೆ. ಕಿವಿ ಕೇಳುವುದಿಲ್ಲ, ಮಾತಾಡುವುದಿಲ್ಲ. ಆಭರಣದ ಅಂಗಡಿಯಲ್ಲಿ ಬೆಳ್ಳಿ ಸಾಮಾನಿನ ಮೇಲೆ ಕೆತ್ತುವ ಕೆಲಸ. ಅವನಿಗಿದ್ದದ್ದು ಆಂಟೊನಾಪೌಲೋಸ್ ಎಂಬ ಒಬ್ಬನೇ ಗೆಳೆಯ, ಅವನಿಗೂ ಕಿವಿ ಕೇಳದು. ಆ ಗೆಳೆಯನನ್ನು ದೂರದ ಹುಚ್ಚಾಸ್ಪತ್ರೆಗೆ ಸೇರಿಸಿಬಿಡುತ್ತಾರೆ. ಸಿಂಗರ್ ಬೇರೊಂದು ಮನೆಯಲ್ಲಿ ಬಾಡಿಗೆಗೆ ಕೋಣೆ ಹಿಡಿಯುತ್ತಾನೆ. ಊಟಕ್ಕೆ ಬಿಫ್ ಬ್ರಾನನ್‌ನ ಕೆಫೆ.

ಅಲ್ಲಿಂದ ಜನ ಅವನ ಕೋಣೆಗೆ ಬರಲು ಶುರು. ಸಂಗೀತದ ಹುಚ್ಚಿನ ಹುಡುಗಿ ಮಿಕ್, ಕರಿಯರ ಡಾಕ್ಟರ್ ಕೋಪ್‌ಲೆಂಡ್, ಕುಡಿದು ಕೂಲಿಯವರ ನ್ಯಾಯಕ್ಕಾಗಿ ಕೂಗಾಡುವ ಜೇಕ್ ಬ್ಲೌಂಟ್, ರಾತ್ರಿಯಿಡೀ ಕೆಫೆ ತೆರೆದಿಡುವ ಬಿಫ್. ಬರುತ್ತಾರೆ, ಮನಸ್ಸಲ್ಲಿದ್ದದ್ದನ್ನೆಲ್ಲ ಹೇಳುತ್ತಾರೆ. ಸಿಂಗರ್ ಅವರ ತುಟಿ ನೋಡುತ್ತಾನೆ, ತಲೆ ಆಡಿಸುತ್ತಾನೆ. ‘ಇವನೊಬ್ಬನಿಗೆ ನಾನು ಅರ್ಥವಾಗುತ್ತೇನೆ’ ಅಂತ ಎಲ್ಲರಿಗೂ ನಂಬಿಕೆ.

ಒಂದು ದಿನ ನಾಲ್ವರೂ ಒಟ್ಟಿಗೇ ಬಂದುಬಿಡುತ್ತಾರೆ. ಈ ಭಾಗವನ್ನು ನಾನು ತಿರುಗಿ ತಿರುಗಿ ಓದಿದೆ. ದಿನಾ ಗಂಟೆಗಟ್ಟಲೆ ಮಾತಾಡುವವರು ಒಂದೇ ಕೋಣೆಯಲ್ಲಿ ಸೇರಿದಾಗ ಯಾರಿಗೂ ಮಾತು ಹೊರಡುವುದಿಲ್ಲ. ಹೇಳುವ ಒಂದೆರಡು ಮಾತನ್ನೂ ಸಿಂಗರ್‌ನ ಮುಖ ನೋಡಿಯೇ ಹೇಳುತ್ತಾರೆ. ಡಾಕ್ಟರೂ ಜೇಕನೂ ಬಡವರ ಬಗ್ಗೆ ಒಂದೇ ಸಂಕಟ ಹೊತ್ತುಕೊಂಡವರು, ಅಲ್ವಾ? ಪಕ್ಕದಲ್ಲೇ ಇದ್ದಾರೆ, ಒಬ್ಬರಿಗೊಬ್ಬರು ಕಾಣುವುದೇ ಇಲ್ಲ. ಅತ್ತ ಸಿಂಗರ್, ಇವರು ಹೇಳುವುದು ತನಗೆ ಪೂರ್ತಿ ತಿಳಿಯುವುದಿಲ್ಲ ಎಂದು ಗೆಳೆಯನಿಗೆ ಕಾಗದ ಬರೆಯುತ್ತಾನೆ. ಆ ಗೆಳೆಯನಿಗೆ ಓದಲು ಬಾರದು.

ಸಿಟಿ ಬಸ್ ಸ್ಟ್ಯಾಂಡ್ ಕಡೆಯ ಒಂದು ಸಣ್ಣ ಹೋಟೆಲಿಗೆ ಸಂಜೆ ಹೊತ್ತು ನಾನೂ ಹೋಗುತ್ತೇನೆ. ಅಲ್ಲಿ ಒಬ್ಬರು ಅಜ್ಜ ಬರುತ್ತಾರೆ. ಮಕ್ಕಳು ದುಬೈಯಲ್ಲಿ, ಮನೆಯಲ್ಲಿ ಒಬ್ಬರೇ. ಒಂದು ಬನ್ಸ್, ಒಂದು ಚಾ. ಬನ್ಸನ್ನು ಸಣ್ಣ ಸಣ್ಣ ಚೂರು ಮಾಡಿ, ಚಟ್ನಿಗೆ ಅದ್ದಿ, ಆದಷ್ಟು ನಿಧಾನ ತಿನ್ನುತ್ತಾರೆ. ಸಪ್ಲಾಯರ್ ಹುಡುಗ ಅಸ್ಸಾಮಿನವನು. ಅವನಿಗೆ ತುಳು ಬಾರದು, ಕನ್ನಡವೂ ‘ಎಷ್ಟು, ಏನು ಬೇಕು’ ಅಷ್ಟೇ. ಅಜ್ಜ ಅವನಿಗೆ ತುಳುವಿನಲ್ಲೇ ಹೇಳುತ್ತಾರೆ. “ಈ ಸರ್ತಿ ಬರ್ಸ ಜೋರುಂಡು ಮಾರಾಯ.” ಈ ಸಲ ಮಳೆ ಜೋರಿದೆ ಅಂತ. ಆಮೇಲೆ ಮಂಡಿನೋವು, ತೋಟದಲ್ಲಿ ಬಿದ್ದ ಅಡಿಕೆ ಮರ, ಮಗ ಫೋನ್ ಮಾಡದ ವಿಷಯ. ಹುಡುಗ ಮೇಜು ಒರೆಸುತ್ತಾ ನಗುತ್ತಾನೆ. ಅಜ್ಜನಿಗೆ ಅಷ್ಟು ಸಾಕು. ಹುಡುಗನ ಊರಲ್ಲಿ ಯಾರಿದ್ದಾರೆ ಅಂತ ಅಲ್ಲಿ ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

ಉಡುಪಿಯಲ್ಲಿ ಕೇಳದೆ ಬಿಡುವ ಪ್ರಶ್ನೆಯಾ ಅದು? ಬಸ್ಸಿನಲ್ಲಿ ಪಕ್ಕ ಕೂತವರೂ “ನಿಮ್ಗೆ ಮನೆ ಎಲ್ಲಾಯ್ತು?” ಅನ್ನುವ ಊರು ಇದು. ಮನೆ ತಿಳಿದರೆ ಕುಟುಂಬ, ಕುಟುಂಬ ತಿಳಿದರೆ ನಾಗಬನ, ದೈವಸ್ಥಾನ, ಹಾಗೇ ಒಂದು ನೆಂಟಸ್ತಿಕೆ ಹೊರಟೇ ಹೊರಡುತ್ತದೆ. ಮುಂಬೈಗೆ ಹೋಗಿ ಎರಡು ತಲೆಮಾರು ಕಳೆದವರೂ ದೈವದ ಕೋಲಕ್ಕೆ, ತಂಬಿಲದ ಪೂಜೆಗೆ ಬಂದು ನಿಲ್ಲುತ್ತಾರೆ. ನಾನು ಇದನ್ನು ತುಂಬ ಪ್ರೀತಿಸುತ್ತೇನೆ. ಆದರೆ ಕಟ್ಟಡ ಕಟ್ಟಲು, ಹೋಟೆಲಲ್ಲಿ ದುಡಿಯಲು ದೂರದಿಂದ ಬಂದವರಿಗೆ ಈ ಪ್ರಶ್ನೆ ಸಿಗುವುದೇ ಇಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

ಮೆಕಲರ್ಸ್ ಬಗ್ಗೆ ಬರೆಯುವವರು ಜಾಸ್ತಿ ಹೇಳುವುದು, ಮನುಷ್ಯ ಎಲ್ಲಿದ್ದರೂ ಒಂಟಿ ಅಂತ. ನನಗೆ ಒಪ್ಪಿಗೆಯಿಲ್ಲ. ಡಾಕ್ಟರ ಮಗ ವಿಲಿ ಜೈಲಿನಲ್ಲಿ ಕಾಲು ಕಳೆದುಕೊಳ್ಳುತ್ತಾನೆ. ನ್ಯಾಯ ಕೇಳಲು ಜಡ್ಜನ್ನು ಹುಡುಕಿಕೊಂಡು ಹೋದ ಡಾಕ್ಟರಿಗೇ ಹೊಡೆದು ಒಳಗೆ ಹಾಕುತ್ತಾರೆ. ಮಿಕ್ ಸ್ಕೂಲು ಬಿಟ್ಟು ಅಂಗಡಿ ಕೆಲಸಕ್ಕೆ ಸೇರುತ್ತಾಳೆ, ಯಾಕೆಂದರೆ ಮನೆಯಲ್ಲಿ ದುಡ್ಡಿಲ್ಲ. ದಿನವಿಡೀ ನಿಂತು ದಣಿದವಳ ತಲೆಯೊಳಗೆ ಸಂಗೀತ ಬರುವುದೇ ನಿಂತುಹೋಗುತ್ತದೆ. ಇದು ಹಣೆಬರಹ ಅಲ್ಲ. ಜನ ಮಾಡಿದ್ದು. ಅದನ್ನು ಮೆಕಲರ್ಸ್ ಅಷ್ಟು ಸಣ್ಣ ವಯಸ್ಸಿನಲ್ಲಿ ಕಂಡರಲ್ಲ, ಅದಕ್ಕೇ ನನಗೆ ಅವರ ಮೇಲೆ ಇಷ್ಟು ಗೌರವ.

ಅವರದೇ 1946ರ ಕಾದಂಬರಿ ‘ದ ಮೆಂಬರ್ ಆಫ್ ದ ವೆಡ್ಡಿಂಗ್’ ಮೊದಲೇ ಓದಿದ್ದೆ. ಹನ್ನೆರಡು ವರ್ಷದ ಫ್ರಾಂಕಿ ಯಾವ ಗುಂಪಿಗೂ ಸೇರದವಳು. ಹೀಗೇ ಎತ್ತರ ಬೆಳೆದರೆ 18ರ ಹೊತ್ತಿಗೆ ಒಂಬತ್ತು ಅಡಿ ದಾಟುತ್ತೇನೆ ಅಂತ ಲೆಕ್ಕ ಹಾಕಿ ಹೆದರುತ್ತಾಳೆ. ಅಣ್ಣನ ಮದುವೆಯಾದ ಮೇಲೆ ಅಣ್ಣ ಅತ್ತಿಗೆ ಜೊತೆ ತಾನೂ ಹೊರಟುಬಿಡುತ್ತೇನೆ, ಇನ್ನು ತಾನೂ ಅವರಲ್ಲಿ ಒಬ್ಬಳು ಅಂತ ನಂಬಿಬಿಡುತ್ತಾಳೆ. ಅವಳನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ.

ನಾಗರಪಂಚಮಿಗೆ ಅಕ್ಕನ ಮಗಳು ಬರುತ್ತಾಳೆ. ಅವಳಿಗೂ ಈಗ ಹನ್ನೆರಡು. ಹೋದ ಸಲ ಮನೆ ತುಂಬ ಜನ ಇದ್ದಾಗ, ಮಕ್ಕಳ ಆಟಕ್ಕೆ ದೊಡ್ಡವಳು, ಅಡುಗೆಮನೆಯ ಹೆಂಗಸರ ಮಾತಿಗೆ ಸಣ್ಣವಳು ಅಂತಾಗಿ, ಅರಿಶಿನ ಎಲೆ ಒರೆಸುತ್ತಾ ಒಂದು ಮೂಲೆಯಲ್ಲಿ ಕೂತಿದ್ದಳು. ಫ್ರಾಂಕಿಯ ಪುಸ್ತಕ ಅವಳಿಗೆ ಕೊಡಬೇಕು ಅಂತಿದ್ದೇನೆ. “ಇಷ್ಟು ಬೇಜಾರಿನ ಕತೆ ಮಗುವಿಗೆ ಯಾಕೆ ಮಾರಾಯ್ತಿ?” ಅಂತ ಅಕ್ಕ ಫೋನಿನಲ್ಲಿ ಕೇಳಿದಳು. ಕೊಡುವುದಂತೂ ಕೊಡುತ್ತೇನೆ. ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ ಬರೆದದ್ದನ್ನೆಲ್ಲ ಈ ವಾರ ಅಳಿಸಬೇಕು. ಅವಳಿಗೆ ಅನಿಸಿದ್ದು ಅವಳೇ ಬರೆದುಕೊಳ್ಳಲಿ.