ಇಸವಿ ಬಿಟ್ಟು ಚರಂಡಿಯ ಬಾಯಿ ನೋಡಿದೆವು

ಕಡಲ ದಂಡೆಯ ಒಂದು ಸ್ಥಳೀಯ ಸಂಸ್ಥೆಯ ಯೋಜನಾ ವಿಭಾಗದಲ್ಲಿ ನನ್ನ ಕೆಲಸ. ಸಮುದ್ರ ಏರಿದರೆ ಏನು ಮಾಡಬೇಕು ಅಂತ ಯೋಜನೆ ಬರೆಯಲು ಕೂತಾಗ ಮೊದಲ ಮೂರು ಸಭೆಗಳು ಒಂದೇ ವಾದದಲ್ಲಿ ಮುಗಿದವು. 2100ಕ್ಕೆ ನೀರು ಎಷ್ಟು ಏರುತ್ತದೆ? ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2021ರ ವರದಿಯಲ್ಲಿ, ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಮಾಲಿನ್ಯ ಬೇಗ ಇಳಿದರೆ 28ರಿಂದ 55 ಸೆಂಟಿಮೀಟರ್, ಏರುತ್ತಲೇ ಹೋದರೆ 63 ಸೆಂಟಿಮೀಟರ್‌ನಿಂದ ಒಂದು ಮೀಟರ್. ಯಾವ ಅಂಕಿ ಹಿಡಿಯಬೇಕು ಅಂತ ಯಾರೂ ಒಪ್ಪಲಿಲ್ಲ.

ಚರಂಡಿ ನೋಡಿಕೊಳ್ಳುವ ಹಿರಿಯ ಮೇಸ್ತ್ರಿ ಒಂದು ದಿನ ಹೇಳಿದರು, "ಮೇಡಂ, ಹುಣ್ಣಿಮೆ ಉಬ್ಬರಕ್ಕೆ ಒಮ್ಮೆ ಬಂದು ನೋಡಿ." ಹೋದೆ. ಒಂದು ಹನಿ ಮಳೆ ಇಲ್ಲ. ಆದರೂ ಸಮುದ್ರದ ನೀರು ಚರಂಡಿಯ ಬಾಯಿಂದ ಹಿಂದಕ್ಕೆ ನುಗ್ಗಿ ರಸ್ತೆಗೆ ಉಕ್ಕುತ್ತಿತ್ತು. 1901ರಿಂದ 2018ರೊಳಗೆ ಜಗತ್ತಿನ ಸಮುದ್ರ ಸರಾಸರಿ 20 ಸೆಂಟಿಮೀಟರ್ ಏರಿದೆ. ಹಳೆಯ ಚರಂಡಿಗಳನ್ನು ಹಾಕಿದ್ದು ಹಳೆಯ ಸಮುದ್ರಕ್ಕೆ, ಅಲ್ವಾ? ಹೀಗೆ ಎಷ್ಟು ಸಲ ಆಗಿದೆ ಅಂತ ಕೇಳಿದರೆ ಕಚೇರಿಯಲ್ಲಿ ಒಂದು ಸಾಲಿನ ದಾಖಲೆಯೂ ಇರಲಿಲ್ಲ. ಆ ತಪ್ಪು ನಮ್ಮ ವಿಭಾಗದ್ದೇ.

ಅಲ್ಲಿಂದ ಪ್ರಶ್ನೆ ಬದಲಾಯಿತು. ಯಾವ ವರ್ಷ ಅಂತ ಕೇಳುವುದನ್ನು ಬಿಟ್ಟು, ನೀರು ಎಷ್ಟು ಎತ್ತರ ಬಂದರೆ ಯಾವುದು ಕೈಕೊಡುತ್ತದೆ ಅಂತ ಕೇಳಿದೆವು. ಕೊಳಚೆ ನೀರಿನ ಪಂಪ್‌ಹೌಸ್‌ನ ವಿದ್ಯುತ್ ಪ್ಯಾನೆಲ್ ಎಷ್ಟು ಎತ್ತರದಲ್ಲಿದೆ? ಆಸ್ಪತ್ರೆಗೆ ಹೋಗುವ ರಸ್ತೆಯ ತೀರಾ ತಗ್ಗು ಜಾಗ ಯಾವುದು? ಒಂದೊಂದಕ್ಕೂ ನೀರಿನ ಮಟ್ಟದ ಒಂದು ಎಚ್ಚರಿಕೆಯ ಗುರುತು ಇಟ್ಟೆವು: ನೀರು ಅಲ್ಲಿಗೆ ಮುಟ್ಟಿದರೆ ಕೆಲಸ ಶುರು. ಪಂಪ್‌ಹೌಸ್ ಬೇರೆ ಕಡೆ ಕಟ್ಟಲು ಜಾಗ, ಹಣ, ಒಪ್ಪಿಗೆ ಸೇರಿ ಎಂಟು ವರ್ಷ ಬೇಕಾದರೆ, ಎಚ್ಚರಿಕೆಯ ಗುರುತು ಎಂಟು ವರ್ಷ ಮೊದಲೇ ಸಿಗುವಷ್ಟು ಕೆಳಗಿರಬೇಕು. ನನಗೆ ತುಂಬಾ ತಡವಾಗಿ ಹೊಳೆದದ್ದು ಇದು. ಲಂಡನ್‌ನ ಥೇಮ್ಸ್ ಅಳಿವೆಗೆ 2012ರಲ್ಲಿ ಮಾಡಿದ ಯೋಜನೆಯೂ ಹೀಗೆಯೇ: ನೀರಿನ ಮಟ್ಟವನ್ನು ಅಳೆಯುತ್ತಾ ಹೋಗುತ್ತಾರೆ, ಅದಕ್ಕೆ ತಕ್ಕಂತೆ ಕೆಲಸ ಹಿಂದೆ ಮುಂದೆ ಮಾಡುತ್ತಾರೆ.

ತಡೆಗೋಡೆ ಬೇಕೇ ಬೇಕು ಅನ್ನುವವರು ಜಾಸ್ತಿ. ಕೆಲವು ಕಡೆ ಬೇಕು, ನಿಜ. ಆದರೆ ಗೋಡೆಯ ಮುಂದಿನ ಮರಳು ಸವೆಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ದಂಡೆ ಕೊರೆಯುತ್ತದೆ.

ಕಷ್ಟದ ಮಾತು ಮನೆ ಕಟ್ಟುವವರ ಜೊತೆಗಿನದು. "ನೂರು ವರ್ಷಕ್ಕೊಮ್ಮೆ ಬರುವ ನೆರೆ ತಾನೇ?" ಅನ್ನುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ಶೇ. 1ರಷ್ಟು ಸಾಧ್ಯತೆ. 30 ವರ್ಷದ ಸಾಲ ತೀರುವುದರೊಳಗೆ ಅದು ಸುಮಾರು ಶೇ. 26 ಆಗುತ್ತದೆ, ಅದೂ ಸಮುದ್ರ ಏರದೇ ಇದ್ದರೆ. ಈಗ ತಗ್ಗು ಜಾಗದ ಅರ್ಜಿ ಬಂದರೆ ಪರವಾನಗಿಗೆ ಮೊದಲು ಅವರನ್ನು ಕೂರಿಸಿಕೊಂಡು ಈ ಲೆಕ್ಕ ಬರೆದು ತೋರಿಸುತ್ತೇನೆ. ಪಕ್ಕದಲ್ಲಿ, ಮೇಸ್ತ್ರಿ ಈಗ ಬರೆದಿಡುವ ಉಬ್ಬರದ ರಿಜಿಸ್ಟರ್ ತೆರೆದಿರುತ್ತದೆ.